ಬೀದಿಯ ಹಾಡು ಮತ್ತು ಕಾಯಿದೆಯ ಮಾತು

ತಿರುವನಂತಪುರದ ಚಾಲೈ ಪೇಟೆಯನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಿವಾನ್ ರಾಜಾ ಕೇಶವದಾಸನು ಕಟ್ಟಿಸಿದನು. ಪೇಟೆಯ ಬೀದಿಯೆಂದ ಮೇಲೆ ಹಾಡಿ ಬೇಡುವವನಿಗೂ ಅಲ್ಲಿ ಎಡೆಯುಂಟು. ಆದರೆ ಅವನ ಹಾಡನ್ನು ಕಾಯಿದೆಗಳು ಯಾವ ಹೆಸರಿನಿಂದ ಕರೆದಿವೆಯೆಂಬುದು ವಿಚಾರಾರ್ಹವಾದ ಸಂಗತಿ.

ಲಂಡನ್ನಿನ 1864ರ ಬೀದಿ ಸಂಗೀತದ ಕಾಯಿದೆಗೆ ಅದು ಉಪದ್ರವ. ರೋಗವನ್ನೋ ಕೆಲಸದ ಅಡ್ಡಿಯನ್ನೋ ಹೇಳಿ ಮನೆಯ ಯಜಮಾನನು ವಾದಕನನ್ನು ಆಚೆಗಟ್ಟಬಹುದಾಗಿತ್ತು. ಇದಕ್ಕಾಗಿ ಹೋರಾಡಿದ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನನ್ನು ಪರಿಹಾಸ ಮಾಡುವುದು ಸುಲಭ. ರೋಗಿಯ ನಿದ್ರೆಯೂ ಸಣ್ಣದಲ್ಲ. ಭಾರತದ 1861ರ ಪೋಲೀಸು ಕಾಯಿದೆಯ 30ನೆಯ ಕಲಮು ಹಬ್ಬಹರಿದಿನಗಳಲ್ಲಿ ಬೀದಿಯ ವಾದ್ಯಕ್ಕೆ ಮಿತಿ ಹಾಕುವ ಅಧಿಕಾರವನ್ನು ಪೋಲೀಸರಿಗೆ ಕೊಟ್ಟಿತು. ಇಲ್ಲಿನ ಭಯ ಗದ್ದಲದ್ದಲ್ಲ, ಗಲಭೆಯದು. ತಿರುವಾಂಕೂರು ಸಂಸ್ಥಾನವು ಆ ಕಾಯಿದೆಯ ಎಲ್ಲೆಯ ಹೊರಗಿತ್ತು. ಬೀದಿಯ ಸದ್ದಿಗೆ ಅಲ್ಲಿ ಸಂಪ್ರದಾಯವೇ ವಿಧಿಸಿದ ಕಟ್ಟೊಂದುಂಟು: ಪದ್ಮನಾಭಸ್ವಾಮಿಯ ಪಳ್ಳಿವೇಟ್ಟೆಯ ಮೆರವಣಿಗೆ ಮೌನವಾಗಿ ಹೊರಟು, ಬಾಣಪ್ರಯೋಗವಾದ ಬಳಿಕ ವಾದ್ಯಘೋಷದೊಡನೆ ಮರಳುತ್ತದೆ. ಮೌನಕ್ಕೂ ಸಂಗೀತದಲ್ಲಿ ಸ್ಥಾನವುಂಟೆಂಬುದನ್ನು ಬಲ್ಲ ನಿಯಮವಿದು.

ಕಾಯಿದೆಗೆ ಈ ಕಿವಿಯಿಲ್ಲ. 1945ರಲ್ಲಿ ತಿರುವಾಂಕೂರು, ಕೊಚ್ಚಿ, ಕಾಸರಗೋಡನ್ನೊಳಗೊಂಡಿದ್ದ ಮದರಾಸು ಪ್ರಾಂತ ಮೂರೂ ಭಿಕ್ಷಾಟನೆಯನ್ನೋ ಅಲೆಮಾರಿತನವನ್ನೋ ತಡೆಯುವ ಕಾಯಿದೆಗಳನ್ನು ಮಾಡಿದವು. ಮೈಸೂರು ಒಂದು ವರ್ಷ ಮೊದಲೇ ಮಾಡಿತ್ತು. ಮುಂಬಯಿಯ 1959ರ ಕಾಯಿದೆಯಂತೂ ಭಿಕ್ಷಾಟನೆಯನ್ನು ವಿವರಿಸುತ್ತ, ಹಾಡು, ಕುಣಿತ, ಕಣಿ ಹೇಳುವುದು ಇವುಗಳನ್ನು ಬೇಡುವ ನೆಪಗಳೆಂದು ಎಣಿಸಿತು. ಈ 'ನೆಪ'ವೆಂಬ ಮಾತಿನಲ್ಲಿಯೇ ದೋಷವಿದೆ. ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು, ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಠದಲ್ಲಿ ಉಳಿಸಿ ತಂದವರು. ಕೇರಳದ ಪುಳ್ಳುವರು ವೀಣೆ ಕುಡಗಳೊಡನೆ ನಾಗನ ಹಾಡನ್ನು ಮನೆಮನೆಗೆ ಒಯ್ದವರು. ಇವರಲ್ಲಿ ಹಾಡು ಭಿಕ್ಷೆಗೆ ನೆಪವೋ, ಭಿಕ್ಷೆಯೇ ಹಾಡಿಗೆ ಆಧಾರವೋ? ಮೊರದ ಧಾನ್ಯ ನಿಂತರೆ ಕಾವ್ಯವೂ ನಿಲ್ಲುವ ಕಡೆ, ಎರಡನ್ನೂ ಬೇರ್ಪಡಿಸಿ ಒಂದನ್ನು ಅಪರಾಧವೆನ್ನುವುದು ವಿದ್ವತ್ತಿನ ದೃಷ್ಟಿಯಿಂದಲೂ ತಪ್ಪು. ದೆಹಲಿಯ ಉಚ್ಚ ನ್ಯಾಯಾಲಯವು 2018ರಲ್ಲಿ, ಆ ನಗರಕ್ಕೆ ಅನ್ವಯಿಸಿದ್ದ ಮುಂಬಯಿ ಕಾಯಿದೆಯ ಅನೇಕ ಕಲಮುಗಳನ್ನು ರದ್ದುಗೊಳಿಸಿತು. ಅಲ್ಲಿ ಗೆದ್ದದ್ದು ಬಡವನ ಹಕ್ಕು. ಹಾಡಿನ ಪ್ರಶ್ನೆ ಹಾಗೆಯೇ ಉಳಿಯಿತು.

ಕರ್ನಾಟಕದ 1975ರ ಕಾಯಿದೆ ಪರವಾನಗಿ ಪಡೆದ ಧಾರ್ಮಿಕ ಭಿಕ್ಷುಕರಿಗೆ ರಿಯಾಯಿತಿ ತೋರಿತು. ಉದಾರವೆಂದು ತೋರುವ ಈ ವಿಧಿಯೂ ಗಾಯಕನನ್ನು ಗುರುತಿಸಿದ್ದು ಅವನ ದೈವದಿಂದ, ಕಂಠದಿಂದಲ್ಲ. ದೇವರ ಹೆಸರಿಲ್ಲದ ಲಾವಣಿಯನ್ನು ಹಾಡಿ ಕೈಯೊಡ್ಡುವವನಿಗೆ ಆ ಪರವಾನಗಿಯಲ್ಲಿ ಜಾಗವಿಲ್ಲ.