ನೀಲಿ ಪೆಟ್ಟಿಗೆಯ ಮೋಹಕ ಕಥನ

ಅಮೆರಿಕದ ‘ಎಸ್ಕ್ವೈರ್’ ಪತ್ರಿಕೆಯ 1971ರ ಅಕ್ಟೋಬರ್ ಸಂಚಿಕೆಯಲ್ಲಿ ರಾನ್ ರೋಸೆನ್‌ಬಾಮ್ ಅವರ ‘ಸೀಕ್ರೆಟ್ಸ್ ಆಫ್ ದ ಲಿಟಲ್ ಬ್ಲೂ ಬಾಕ್ಸ್’ ಎಂಬ ದೀರ್ಘ ಲೇಖನ ಪ್ರಕಟವಾಯಿತು. ದೂರವಾಣಿ ಸಂಸ್ಥೆಯ ಲೆಕ್ಕಯಂತ್ರವನ್ನು ವಂಚಿಸಿ ಜಗತ್ತಿನ ಯಾವ ಮೂಲೆಗಾದರೂ ಹಣ ತೆರದೆ ಮಾತನಾಡುತ್ತಿದ್ದ ತರುಣರ ವೃತ್ತಾಂತವದು. ಅರ್ಧ ಶತಮಾನ ಕಳೆದರೂ ಅದರ ಆಕರ್ಷಣೆ ಕುಂದಿಲ್ಲ. ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರೆಲ್ಲರೂ ಅದನ್ನು ಒಮ್ಮೆಯಾದರೂ ನೆನೆಯುತ್ತಾರೆ. ಇಷ್ಟೊಂದು ಪ್ರಭಾವ ಬೀರಿದ ಬರಹವನ್ನು ಅದರ ಚೆಲುವಿಗಾಗಿ ಮಾತ್ರ ಓದಿ ಬಿಡುವುದು ಸಲ್ಲದು. ಅದು ಯಾವುದನ್ನು ಮೆಚ್ಚುವಂತೆ ಓದುಗನನ್ನು ಒಲಿಸುತ್ತದೆ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ.

ವಿಷಯದ ತಾಂತ್ರಿಕ ಹಿನ್ನೆಲೆ ಸರಳವಾದುದು. ಆ ಕಾಲದ ಅಮೆರಿಕದಲ್ಲಿ ದೂರದ ಊರುಗಳ ನಡುವಣ ತಂತಿಮಾರ್ಗ ಬಿಡುವಾಗಿದ್ದಾಗ ಅದರಲ್ಲಿ 2600 ಹರ್ಟ್ಸ್ ಕಂಪನಾಂಕದ ಒಂದು ಸ್ವರ ಸದಾ ಹರಿಯುತ್ತಿತ್ತು. ಸ್ವರ ನಿಂತರೆ ಮಾರ್ಗ ಬಳಕೆಯಲ್ಲಿದೆ, ಮತ್ತೆ ಕೇಳಿಸಿದರೆ ಕರೆ ಮುಗಿದಿದೆ ಎಂದು ಯಂತ್ರ ಭಾವಿಸುತ್ತಿತ್ತು. ಆದರೆ ಮಾತು ಸಾಗುವ ದಾರಿಯೂ ಯಂತ್ರದ ಸಂಕೇತ ಸಾಗುವ ದಾರಿಯೂ ಒಂದೇ. ಶುಲ್ಕವಿಲ್ಲದ ಯಾವುದಾದರೊಂದು ಸಂಖ್ಯೆಗೆ ಕರೆ ಮಾಡಿ ಬಾಯಿಂದಲೋ ಉಪಕರಣದಿಂದಲೋ ಆ ಸ್ವರವನ್ನು ಹೊರಡಿಸಿದರೆ ಆಚೆಯ ಕೇಂದ್ರ ಕರೆ ಮುಗಿಯಿತೆಂದು ತಿಳಿದು ಹೊಸ ಸಂಖ್ಯೆಗಾಗಿ ಕಾಯುತ್ತಿತ್ತು. ಈಚೆಯ ಲೆಕ್ಕದ ಯಂತ್ರ ಮಾತ್ರ ಶುಲ್ಕರಹಿತ ಕರೆಯೇ ಮುಂದುವರಿಯುತ್ತಿದೆಯೆಂದು ಬರೆದುಕೊಳ್ಳುತ್ತಿತ್ತು. ಅನಂತರ 700ರಿಂದ 1700 ಹರ್ಟ್ಸ್‌ವರೆಗಿನ ಆರು ಸ್ವರಗಳನ್ನು ಎರಡೆರಡಾಗಿ ನುಡಿಸಿದರೆ ಬೇಕಾದ ಊರು ಸಿಗುತ್ತಿತ್ತು. ಈ ಸ್ವರಗಳನ್ನು ಹೊರಡಿಸುವ ಸಾಧನವೇ ನೀಲಿ ಪೆಟ್ಟಿಗೆ. ಇದರ ಕೀಲಿಯನ್ನು ಯಾರೂ ಕದ್ದು ತರಬೇಕಾಗಿರಲಿಲ್ಲ. ದೂರವಾಣಿ ಸಂಸ್ಥೆಯೇ ತನ್ನ ತಾಂತ್ರಿಕ ಪತ್ರಿಕೆಯಲ್ಲಿ 1954ರಲ್ಲಿ ಮತ್ತು 1960ರಲ್ಲಿ ಆ ವಿವರಗಳನ್ನು ಅಚ್ಚು ಹಾಕಿಸಿತ್ತು. ಮನೆಯ ಬಾಗಿಲಿಗೆ ಬೀಗ ಜಡಿದು ಕೀಲಿಯ ಚಿತ್ರವನ್ನು ಊರಿಗೆಲ್ಲ ಹಂಚಿದಂತಹ ಕಥೆ.

ರೋಸೆನ್‌ಬಾಮ್ ಅವರ ನಿಜವಾದ ಸಾಧನೆ ಕಿವಿಗೆ ಸಂಬಂಧಿಸಿದ್ದು. ಅವರ ಪಾತ್ರಗಳಲ್ಲಿ ಹಲವರು ದೃಷ್ಟಿಹೀನ ಹುಡುಗರು. ತಂತಿಯ ಕಿಚಕಿಚ, ದೂರದ ಕೇಂದ್ರದ ಗುಂಯ್‌ಗುಟ್ಟುವಿಕೆ, ಬದಲಾಗುವ ಮೌನದ ಬಣ್ಣಗಳಿಂದಲೇ ಅವರು ಖಂಡದ ಭೂಪಟವನ್ನು ಮನಸ್ಸಿನಲ್ಲಿ ಬಿಡಿಸಿಕೊಂಡಿದ್ದರು. ಇವರಲ್ಲಿ ಮರೆಯಲಾಗದವನು ಜೋ ಎಂಗ್ರೆಸಿಯಾ. 1949ರಲ್ಲಿ ಹುಟ್ಟುಗುರುಡನಾಗಿ ಜನಿಸಿದ ಆತ ಬಾಲ್ಯದಲ್ಲಿಯೇ ಸಿಳ್ಳೆ ಹಾಕಿ ಕರೆಯನ್ನು ಕಡಿಯಬಲ್ಲವನಾಗಿದ್ದ. ಕಾಲೇಜಿನಲ್ಲಿ ಸಹಪಾಠಿಗಳಿಗಾಗಿ ಅದೇ ವಿದ್ಯೆಯಿಂದ ದೂರದ ಕರೆಗಳನ್ನು ಮಾಡಿಸಿಕೊಟ್ಟು ಶಿಸ್ತುಕ್ರಮಕ್ಕೂ ಒಳಗಾದ. ಅವನ ಹಂಬಲವಾದರೋ ದೂರವಾಣಿ ಸಂಸ್ಥೆಯಲ್ಲಿ ಒಂದು ಉದ್ಯೋಗ! ಒಂಟಿತನದಲ್ಲಿ ಬೆಳೆದ ಮಕ್ಕಳು ವ್ಯಾಂಕೂವರ್‌ನ ಒಂದು ಪರೀಕ್ಷಾ ಮಾರ್ಗದಲ್ಲಿ ರಾತ್ರಿಯಿಡೀ ಒಟ್ಟುಗೂಡಿ ಹರಟುತ್ತಿದ್ದ ಪ್ರಸಂಗವನ್ನು ಓದುವಾಗ ಎಂಥ ಕಠಿಣ ನೀತಿವಾದಿಯ ಮನಸ್ಸೂ ಕರಗೀತು. ಈ ಭಾಗಗಳನ್ನು ಬರೆದ ಕೈ ದೊಡ್ಡದು.

ತೊಡಕಿರುವುದು ಲೇಖನದ ಜೋಡಣೆಯಲ್ಲಿ. ಅದು ಆರಂಭವಾಗುವುದು ಗಿಲ್ಬರ್ಟ್‌ಸನ್ ಎಂಬ ಕಲ್ಪಿತ ಹೆಸರಿನ ಪೆಟ್ಟಿಗೆ ತಯಾರಕನಿಂದ. ಅವನು ಸಂಗೀತಗಾರನಲ್ಲ, ವ್ಯಾಪಾರಿ. ಪೆಟ್ಟಿಗೆಗಳನ್ನು ಸಾವಿರದ ಲೆಕ್ಕದಲ್ಲಿ ಮಾರಹೊರಟವನು. ಅವನ ಬೆನ್ನಿಗೆ ಕ್ಯಾಪ್ಟನ್ ಕ್ರಂಚ್ ಬರುತ್ತಾನೆ. ಉಪಾಹಾರದ ಧಾನ್ಯದ ಪೊಟ್ಟಣದೊಡನೆ ಬರುತ್ತಿದ್ದ ಆಟಿಕೆ ಪೀಪಿಯಿಂದ ಆ ಹೆಸರು ಪಡೆದ ಜಾನ್ ಡ್ರೇಪರ್ ಈತ. ಟೋಕಿಯೋ, ಭಾರತ, ಗ್ರೀಸ್‌ಗಳನ್ನು ಸುತ್ತಿಸಿ ತನ್ನ ಪಕ್ಕದ ದೂರವಾಣಿಗೇ ಕರೆ ತರಿಸಿಕೊಂಡು, ತನ್ನದೇ ದನಿಯನ್ನು ತಡವಾಗಿ ಕೇಳಿಸಿಕೊಳ್ಳುವ ವಿನೋದ ಅವನದು. ಇವರ ನಡುವೆ ಮುಗ್ಧ ಬಾಲಕರು. ಈ ಮೂರು ಬಗೆಯ ಜನರನ್ನು ಒಂದೇ ಬೆಳಕಿನಲ್ಲಿ ನಿಲ್ಲಿಸಿದ್ದರಿಂದ ಬಾಲಕರ ಅಮಾಯಕತೆ ವ್ಯಾಪಾರಿಯ ಹಣದ ಮೇಲೂ ಹರಡಿಕೊಳ್ಳುತ್ತದೆ. ಕೇಳುವ ಕುತೂಹಲಕ್ಕೂ ಮಾರುವ ಲೋಭಕ್ಕೂ ನಡುವೆ ಇರುವ ಅಂತರವನ್ನು ಲೇಖಕರು ಗುರುತಿಸಿಲ್ಲವೆಂದಲ್ಲ. ಗುರುತಿಸಿಯೂ ಅದರ ಮೇಲೆ ಒತ್ತು ಹಾಕದೆ ಮುಂದೆ ಸಾಗಿದ್ದಾರೆ.

ಅಚೌರ್ಯಾಣುವ್ರತದ ವಿಚಾರ ತಿಳಿದ ಓದುಗನಿಗೆ ಈ ಅಂತರ ಕೂಡಲೇ ಕಾಣುತ್ತದೆ. ತತ್ತ್ವಾರ್ಥಸೂತ್ರ ಕಳ್ಳತನವನ್ನು ಒಡೆಯನಿಗಾದ ನಷ್ಟದಿಂದ ಅಳೆಯದೆ, ಕೊಡದುದನ್ನು ತೆಗೆದುಕೊಳ್ಳುವುದರಿಂದ ಅಳೆಯುತ್ತದೆ. ವ್ರತದ ಅತಿಚಾರಗಳಲ್ಲಿ ಮೊದಲನೆಯದಾಗಿ ಅದು ಹೇಳುವುದು ಸ್ತೇನಪ್ರಯೋಗವನ್ನು, ಅಂದರೆ ಇನ್ನೊಬ್ಬನನ್ನು ಕಳವಿಗೆ ತೊಡಗಿಸುವುದನ್ನು. ಪೆಟ್ಟಿಗೆ ಮಾರುವವನ ವೃತ್ತಿಗೆ ಇದಕ್ಕಿಂತ ನಿಖರವಾದ ಹೆಸರಿಲ್ಲ.

ನೀಲಿ ಪೆಟ್ಟಿಗೆಯ ಪರವಾಗಿ ಹೇಳುವ ಅತ್ಯಂತ ಬಲವಾದ ವಾದ ನಷ್ಟದ ವಾದವೇ. ನಡುರಾತ್ರಿಯಲ್ಲಿ ತಂತಿಮಾರ್ಗ ಹೇಗೂ ಬಿಡುವಾಗಿರುತ್ತದೆ. ಒಬ್ಬ ಹುಡುಗ ಅದರಲ್ಲಿ ಮಾತನಾಡಿದರೆ ಯಾರ ಗಂಟೂ ಹೋಗುವುದಿಲ್ಲ ಎಂಬುದು ಅದರ ಸಾರಾಂಶ. ಲೆಕ್ಕದ ದೃಷ್ಟಿಯಿಂದ ಇದು ಪೂರ್ತಿ ಸುಳ್ಳಲ್ಲ, ಒಂದು ಕರೆಯ ಹೆಚ್ಚುವರಿ ವೆಚ್ಚ ಅಲ್ಪವೇ. ಆದರೆ ಮಾರ್ಗವನ್ನು ಹಾಕಿ, ಕಾಯ್ದು, ದುರಸ್ತಿ ಮಾಡಿದ ವೆಚ್ಚವನ್ನು ಹಣ ತೆತ್ತು ಮಾತನಾಡುವ ಚಂದಾದಾರರೇ ಹೊರಬೇಕು. ವಂಚಕರು ಹೆಚ್ಚಿದಷ್ಟೂ ಆ ಹೊರೆ ಪ್ರಾಮಾಣಿಕರ ಹೆಗಲಿಗೆ ಸರಿಯುತ್ತದೆ. ರೋಸೆನ್‌ಬಾಮ್ ಅವರ ಕಥನದಲ್ಲಿ ಈ ಚಂದಾದಾರನಿಗೆ ಮುಖವೇ ಇಲ್ಲ. ಅಲ್ಲಿ ಒಂದು ಕಡೆ ಜಾಣ ಬಾಲಕ, ಇನ್ನೊಂದು ಕಡೆ ಮುಖವಿಲ್ಲದ ದೈತ್ಯ ಸಂಸ್ಥೆ. ಇಂಥ ಸ್ಪರ್ಧೆಯಲ್ಲಿ ಓದುಗ ಯಾರ ಪಕ್ಷ ವಹಿಸುತ್ತಾನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ದೈತ್ಯ ಸಂಸ್ಥೆ ನಿರ್ದೋಷಿಯೇನಲ್ಲ. ಕಳ್ಳ ಕರೆಗಳನ್ನು ಪತ್ತೆ ಹಚ್ಚುವ ನೆಪದಲ್ಲಿ 1964ರಿಂದ 1970ರವರೆಗೆ ಎಟಿ ಅಂಡ್ ಟಿ ಗುಟ್ಟಾಗಿ 3 ಕೋಟಿಗೂ ಹೆಚ್ಚು ಕರೆಗಳನ್ನು ತಪಾಸಿಸಿತು. ಅವುಗಳಲ್ಲಿ ಲಕ್ಷಾಂತರ ಕರೆಗಳ ತುಣುಕುಗಳನ್ನು ಧ್ವನಿಮುದ್ರಿಸಿಕೊಂಡಿತು. ‘ಗ್ರೀನ್‌ಸ್ಟಾರ್’ ಎಂಬ ಹೆಸರಿನ ಈ ಕಾರ್ಯ ಬಯಲಾದದ್ದು 1975ರಲ್ಲಿ. 1971ರಲ್ಲಿ ಬರೆದ ಲೇಖಕರಿಗೆ ಅದು ತಿಳಿದಿರಲು ಸಾಧ್ಯವಿರಲಿಲ್ಲ. ಫಿಲ್ ಲ್ಯಾಪ್ಸ್‌ಲೀ ಅವರು 2013ರಲ್ಲಿ ಪ್ರಕಟಿಸಿದ ‘ಎಕ್ಸ್‌ಪ್ಲೋಡಿಂಗ್ ದ ಫೋನ್’ ಗ್ರಂಥ ಈ ಕೊರತೆಯನ್ನು ತುಂಬುತ್ತದೆ. ಅದರಲ್ಲಿ ರೋಸೆನ್‌ಬಾಮ್ ಅವರ ಗದ್ಯದ ಮಿಂಚಿಲ್ಲ, ಆದರೆ ತಕ್ಕಡಿ ನೆಟ್ಟಗಿದೆ. ಮಾತು ಕದ್ದವರು ಮತ್ತು ಮಾತನ್ನು ಕದ್ದು ಕೇಳಿದವರು ಇಬ್ಬರನ್ನೂ ಅದು ಒಂದೇ ದಾಖಲೆಯಲ್ಲಿ ತೂಗುತ್ತದೆ.

ಲೇಖನದ ಅತಿ ಪ್ರಸಿದ್ಧ ಓದುಗರು ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್. ಅದನ್ನೋದಿದ ಇಬ್ಬರೂ ಗ್ರಂಥಾಲಯದಲ್ಲಿ ಕಂಪನಾಂಕಗಳನ್ನು ಹುಡುಕಿ, ತಮ್ಮದೇ ಪೆಟ್ಟಿಗೆ ಮಾಡಿ, ಬರ್ಕ್ಲಿಯ ವಿದ್ಯಾರ್ಥಿನಿಲಯಗಳಲ್ಲಿ ಸುಮಾರು 150 ಡಾಲರಿನಂತೆ ಮಾರಿದರು. ವ್ಯಾಟಿಕನ್ನಿಗೆ ಕರೆ ಮಾಡಿ ತಾನು ಹೆನ್ರಿ ಕಿಸಿಂಜರ್ ಎಂದ ವೋಜ್ನಿಯಾಕರ ತುಂಟಾಟವನ್ನು ಜೀವನಚರಿತ್ರೆಕಾರರು ಇಂದಿಗೂ ಚಪ್ಪರಿಸಿಕೊಂಡು ಹೇಳುತ್ತಾರೆ. ನೀಲಿ ಪೆಟ್ಟಿಗೆಯಿಲ್ಲದಿದ್ದರೆ ಆಪಲ್ ಸಂಸ್ಥೆಯೂ ಇರುತ್ತಿರಲಿಲ್ಲವೆಂಬ ಅರ್ಥದ ಮಾತನ್ನು ಜಾಬ್ಸ್ ಆಡಿದ್ದಾರೆ. ಇಲ್ಲಿಂದ ಮುಂದೆ ಅದು ಲೇಖನವಾಗಿ ಉಳಿಯದೆ ಸ್ಥಳಪುರಾಣವಾಯಿತು. ಫಲ ದೊಡ್ಡದಾದ್ದರಿಂದ ಬೀಜವೂ ಶುದ್ಧವೆನ್ನುವ ತರ್ಕ ಹುಟ್ಟಿಕೊಂಡಿತು. ಅದೇ ಆಟವನ್ನಾಡಿದ ಡ್ರೇಪರ್ 1970ರ ದಶಕದಲ್ಲಿ ಸೆರೆಮನೆ ಕಂಡದ್ದು ಈ ಪುರಾಣದ ಅಡಿಟಿಪ್ಪಣಿ ಮಾತ್ರ. ಯಶಸ್ಸು ಬಂದವನ ಕಳವು ಬಾಲಲೀಲೆ, ಬಾರದವನದು ಅಪರಾಧ.

ಪುರಾಣದ ಈ ಹುಸಿತನ ಇಂದು ಸಿಮ್ ಬಾಕ್ಸ್‌ಗಳ ಮುಂದೆ ಬಯಲಾಗುತ್ತದೆ. ವಿದೇಶದ ಕರೆಯನ್ನು ಅಂತರಜಾಲದ ಮೂಲಕ ತಂದು ಹತ್ತಾರು ಸ್ಥಳೀಯ ಸಿಮ್‌ಗಳ ಮುಖಾಂತರ ಊರೊಳಗಿನ ಕರೆಯೆಂಬಂತೆ ಹೊರಡಿಸುವ ಇಂಥ ಅಕ್ರಮ ವಿನಿಮಯ ಕೇಂದ್ರಗಳು 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿಯೂ ಸಿಕ್ಕಿಬಿದ್ದವು. ಶುಲ್ಕ ತಪ್ಪುವುದರ ಜೊತೆಗೆ ಕರೆ ಮಾಡಿದವನ ಮೂಲವೇ ಇಲ್ಲಿ ಅಳಿಸಿಹೋಗುತ್ತದೆ. ಸ್ವರಜ್ಞಾನದ ಬಾಲಕರು ಈ ಕಥೆಯಲ್ಲಿಲ್ಲ. ಇರುವುದು ಗಿಲ್ಬರ್ಟ್‌ಸನ್‌ನ ವಂಶ.

ನೀಲಿ ಪೆಟ್ಟಿಗೆಯನ್ನು ಕೊನೆಗೆ ನಿಷ್ಪ್ರಯೋಜಕವಾಗಿಸಿದ್ದು ದಂಡಕ್ಕಿಂತ ಹೆಚ್ಚಾಗಿ ಯಂತ್ರದ ಮಾರ್ಪಾಡು. 1976ರಿಂದ ಸಂಕೇತಗಳನ್ನು ಮಾತಿನ ದಾರಿಯಿಂದ ಬೇರ್ಪಡಿಸುವ ವ್ಯವಸ್ಥೆ ಹಂತಹಂತವಾಗಿ ಬಂತು. ಮಿನೆಸೋಟದ ವವೀನಾ ಎಂಬ ಪುಟ್ಟ ಊರಿನಲ್ಲಿ ಹಳೆಯ ಪದ್ಧತಿ 2006ರವರೆಗೂ ಉಸಿರಾಡುತ್ತಿತ್ತು. ಎಂಗ್ರೆಸಿಯಾನಿಗೆ ಮುಂದೆ ಡೆನ್ವರಿನ ದೂರವಾಣಿ ಸಂಸ್ಥೆಯಲ್ಲಿ ಬಯಸಿದ ಕೆಲಸ ಸಿಕ್ಕಿತು. 1991ರಲ್ಲಿ ಕಾನೂನುಬದ್ಧವಾಗಿ ‘ಜಾಯ್‌ಬಬಲ್ಸ್’ ಎಂದು ಹೆಸರು ಬದಲಿಸಿಕೊಂಡು, 2007ರಲ್ಲಿ ಅವನು ತೀರಿಕೊಂಡ. ರೋಸೆನ್‌ಬಾಮ್ ಅವರ ಲೇಖನದಲ್ಲಿ ಮತ್ತೆ ಮತ್ತೆ ಓದಬೇಕಾದ ಪುಟಗಳು ಇವನವೇ.