ನಾಣ್ಯ ಸಿಕ್ಕಿತು, ನೆಲೆ ಕಳೆಯಿತು

ಹಳೆ ವಿಮಾನ ನಿಲ್ದಾಣದ ರಸ್ತೆಯೇ ಮಾರತ್ತಹಳ್ಳಿ ದಾಟಿದ ಮೇಲೆ ವರ್ತೂರು ರಸ್ತೆಯಾಗುತ್ತದೆ. ಆ ದಾರಿಯಲ್ಲಿರುವ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 1965ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ರಾಶಿಯಾಗಿ ಸಿಕ್ಕವು, 250ಕ್ಕೂ ಹೆಚ್ಚು. 1891ರಲ್ಲಿ ಯಶವಂತಪುರದಲ್ಲೂ ಇಂಥದೇ ನಿಧಿ ಸಿಕ್ಕಿತ್ತು. ಔಗುಸ್ತ, ತಿಬೇರಿಯ, ಕ್ಲೌದ್ಯ: ಈ ನಾಣ್ಯಗಳನ್ನು ಹೊರಡಿಸಿದ ಚಕ್ರವರ್ತಿಗಳ ಹೆಸರು ಕನ್ನಡ ಬೈಬಲ್ ಓದಿದವರಿಗೆ ಹೊಸದಲ್ಲ. ಕೈಸರನದು ಕೈಸರನಿಗೆ ಎಂದು ಯೇಸು ಹೇಳಿದಾಗ ಎದುರಿಗಿದ್ದ ನಾಣ್ಯದಲ್ಲಿ ತಿಬೇರಿಯನ ಮುಖವಿತ್ತೆಂದು ಬಹುಮಂದಿ ವಿದ್ವಾಂಸರು ನಂಬುತ್ತಾರೆ.

ಇಷ್ಟು ದೊಡ್ಡ ಸಂಗತಿ ನಮಗೆ ತಿಳಿಸಿಕೊಟ್ಟದ್ದು ಮಾತ್ರ ಕಡಿಮೆ. ಎರಡೂ ನಿಧಿಗಳು ಆಕಸ್ಮಿಕವಾಗಿ ಸಿಕ್ಕವು. ಉತ್ಖನನದಲ್ಲಿ ಪದರ ಪದರವಾಗಿ ಮಣ್ಣು ಬಿಡಿಸುವಾಗ ಸಿಕ್ಕಿದ್ದರೆ, ಪಕ್ಕದಲ್ಲಿ ಮನೆಯಿತ್ತೇ, ಕುಲುಮೆಯಿತ್ತೇ, ಬೆಳ್ಳಿಯನ್ನು ಇಟ್ಟವನು ವರ್ತಕನೇ ಅಕ್ಕಸಾಲಿಯೇ ಎಂದು ಕೇಳಬಹುದಿತ್ತು. ಈಗ ಉಳಿದಿರುವುದು ಬೆಂಗಳೂರಿಗೆ ರೋಮಿನ ನಂಟಿತ್ತು ಎಂಬ ಒಂದೇ ವಾಕ್ಯ. ಅದನ್ನೇ ಹಿಗ್ಗಿಸಿ ಇಲ್ಲೊಂದು ಮಹಾ ವ್ಯಾಪಾರ ಕೇಂದ್ರವಿತ್ತೆಂದು ಬರೆಯುವುದನ್ನು ನಾನು ಒಪ್ಪಲಾರೆ.

ಬೈಬಲ್ ನಾಡಿನಲ್ಲೂ ಈ ಚಪಲ ಇದ್ದದ್ದೇ. 1993ರಲ್ಲಿ ಅವ್ರಹಾಂ ಬಿರಾನ್ ಅವರ ತಂಡ ಉತ್ತರ ಇಸ್ರೇಲಿನ ತೆಲ್ ದಾನ್‌ನಲ್ಲಿ ಅಗೆಯುತ್ತಿದ್ದಾಗ, ಗೋಡೆಯೊಂದರಲ್ಲಿ ಮರುಬಳಕೆಯಾಗಿದ್ದ ಶಾಸನದ ತುಂಡು ಸಿಕ್ಕಿತು. ಕ್ರಿ.ಪೂ. 9ನೇ ಶತಮಾನದ ಅರಮಾಯಿಕ್ ಬರಹ, ಅದರಲ್ಲಿ ‘ದಾವೀದನ ಮನೆತನ’ ಎಂಬ ಮಾತು. ದಾವೀದ ಬರೀ ಕಥೆಯ ರಾಜನೆಂದು ವಾದಿಸುತ್ತಿದ್ದವರಿಗೆ ಅದು ದೊಡ್ಡ ಏಟು. ಕಲ್ಲು ನಕಲಿಯೆಂದು ಕೆಲವರು ಗುಲ್ಲೆಬ್ಬಿಸಿದಾಗ ಅದರ ನೆರವಿಗೆ ನಿಂತದ್ದು ಅದು ಸಿಕ್ಕ ಜಾಗದ ದಾಖಲೆ. ಹಾಗಿದ್ದರೂ ಆ ಕಲ್ಲು ಸಾಬೀತು ಮಾಡುವುದು ದಾವೀದನ ಹೆಸರಿನ ರಾಜಮನೆತನವನ್ನು ಮಾತ್ರ. ಅವನ ಸಾಮ್ರಾಜ್ಯ ಎಷ್ಟು ದೊಡ್ಡದಿತ್ತು ಎಂಬ ಜಗಳ ಇನ್ನೂ ಮುಗಿದಿಲ್ಲ.

ಈ ಅಳತೆಗೋಲು ಹಿಡಿದು ನಮ್ಮ ಊರಿನ ಕೆಲಸವೊಂದನ್ನು ನೋಡಬೇಕು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಯೋಜನೆಯ ಮುಂದಾಳು ಪಿ.ಎಲ್. ಉದಯಕುಮಾರ್. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಶತಮಾನದ ಹಿಂದೆ ಪಡಿಯಚ್ಚು ತೆಗೆಸಿ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅಚ್ಚು ಹಾಕಿಸಿದ ಕಲ್ಲುಗಳನ್ನು ಈ ತಂಡ ಮತ್ತೆ ಹುಡುಕುತ್ತಿದೆ. ಸವೆದ ಅಕ್ಷರ ಬರಿಗಣ್ಣಿಗೆ ಕಾಣದಿದ್ದರೂ ಕಂಪ್ಯೂಟರಿನಲ್ಲಿ ಬೆಳಕಿನ ಕೋನ ಬದಲಿಸಿದರೆ ಎದ್ದು ಬರುತ್ತದೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಇದಕ್ಕೂ ಮೊದಲೇ, 2018ರಲ್ಲಿ, ಶಾಸನಪ್ರಿಯರ ಕಣ್ಣಿಗೆ ಬಿದ್ದಿತ್ತು. ಅದು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಅದಕ್ಕೆ ಜನರೇ ಹಣ ಹಾಕಿ ಮಂಟಪ ಕಟ್ಟಿದರು. ಈ ನಗರ ತನ್ನ ಪೂರ್ವಕಾಲಕ್ಕಾಗಿ ಮಾಡಿದ ಕೆಲಸಗಳಲ್ಲಿ ಇಷ್ಟು ಶ್ರದ್ಧೆಯದು ಅಪರೂಪ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಪ್ರತಿ ತೆಗೆದಿಡುವುದರ ಬೆಲೆ ಏನೆಂಬುದಕ್ಕೆ ಮೋವಾಬಿನ ಅರಸ ಮೇಶನ ಶಾಸನವೇ ಸಾಕ್ಷಿ. 1868ರಲ್ಲಿ ಈಗಿನ ಜೋರ್ಡಾನಿನಲ್ಲಿ ಪಾದ್ರಿ ಕ್ಲೈನ್ ಕಂಡ ಆ ಕಲ್ಲನ್ನು, ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಸ್ಥಳೀಯರು ಕಾಯಿಸಿ, ನೀರು ಸುರಿದು ಒಡೆದರು. ಅದಕ್ಕೂ ಮುಂಚೆ ಕ್ಲೆರ್ಮೋ-ಗನ್ನೊ ಎಂಬ ವಿದ್ವಾಂಸ ತೆಗೆಸಿದ್ದ ಕಾಗದದ ಪಡಿಯಚ್ಚು ಇದ್ದುದರಿಂದಲೇ ಚೂರುಗಳನ್ನು ಕೂಡಿಸಿ ಓದಲಾಯಿತು. ಇಸ್ರೇಲಿನ ವಿರುದ್ಧ ಮೇಶ ಹೂಡಿದ ಬಂಡಾಯವನ್ನು ಬೈಬಲ್ ಒಂದು ರೀತಿ ಹೇಳಿದರೆ ಅವನ ಕಲ್ಲು ಇನ್ನೊಂದು ರೀತಿ ಹೇಳುತ್ತದೆ. ನಮ್ಮ ಬೇಗೂರಿನ ಸುಮಾರು ಕ್ರಿ.ಶ. 890ರ ಕಲ್ಲು ಬೆಂಗಳೂರಿನ ಕಾಳಗವನ್ನು ಹೇಳುವುದೂ ಅದರಲ್ಲಿ ಸತ್ತ ವೀರನ ಕಡೆಯವರ ಮಾತಿನಲ್ಲೇ. ಎದುರಾಳಿಯ ಮಾತನ್ನು ಬೇರೆ ಕಲ್ಲುಗಳಲ್ಲಿ ಹುಡುಕಬೇಕು. ಹಾಗೆ ಹುಡುಕಲು ಯಾವ ಕಲ್ಲು ಯಾವ ಊರಿನ ಗಡಿಯಲ್ಲಿ, ಯಾವ ಕೆರೆಯ ಏರಿಯಲ್ಲಿ ನಿಂತಿತ್ತೆಂದು ಗೊತ್ತಿರಬೇಕು.

ಸ್ಕ್ಯಾನಿಗೆ ನಿಲುಕದ್ದು ಇದೇ. ಕಲ್ಲಿನ ಮೈಯನ್ನು ಅದು ಕಾಪಾಡುತ್ತದೆ, ಕಲ್ಲು ನಿಂತ ನೆಲವನ್ನು ಕಾಪಾಡಲಾರದು. ಕಾಡುಗೋಡಿಯ 11ನೇ ಶತಮಾನದ ಚೋಳರ ಕಾಲದ ತಮಿಳು ಶಾಸನ ಪಟ್ಟಂದೂರಿನ ಕೆರೆ ಕಟ್ಟಿದ್ದನ್ನು ಹೇಳುತ್ತದೆ. ಕೆರೆಯಿಲ್ಲದೆ ಆ ಶಾಸನಕ್ಕೆ ಅರ್ಧ ಅರ್ಥವೇ ಉಳಿಯುವುದು. ವರ್ತೂರು ಕೆರೆಯನ್ನು ಗಂಗರು ಕಟ್ಟಿಸಿದರೆಂದು ಎಲ್ಲರೂ ಬರೆಯುತ್ತಾರೆ, ಯಾವ ಕಲ್ಲಿನ ಆಧಾರವೆಂದು ಹೇಳುವ ರೂಢಿ ಮಾತ್ರ ಇಲ್ಲ. ಇತ್ತ ತಳಪಾಯದ ಗುಂಡಿ ತೋಡುವ ಜೆಸಿಬಿಗೆ ಹಳೆ ಮಡಕೆ ಚೂರು, ಬೂದಿ ಪದರ ಎಲ್ಲವೂ ಒಂದೇ ಮಣ್ಣು, ಲಾರಿಗೆ ತುಂಬುವ ಮಣ್ಣು.

ಆದ್ದರಿಂದ ಈ ಯೋಜನೆಯ ಮುಂದಿನ ಹೆಜ್ಜೆ ಕಲ್ಲಿನಿಂದ ನೆಲಕ್ಕೆ ಇಳಿಯಬೇಕು: ಕಲ್ಲು ಸಿಕ್ಕ ಸರ್ವೆ ನಂಬರು ಕಂದಾಯ ದಾಖಲೆಗೆ ಸೇರಬೇಕು, ಅಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ಪುರಾತತ್ವ ಇಲಾಖೆಯವರು ಒಮ್ಮೆ ಬಂದು ನೋಡಬೇಕು. ವರ್ತೂರು, ಗುಂಜೂರು, ಬಳಗೆರೆಯ ಕಡೆ ಸೈಟು ಅಗೆಸುವವರಲ್ಲಿ ನನ್ನದೊಂದು ಬೇಡಿಕೆ: ಅಕ್ಷರವಿರುವ ಕಲ್ಲೋ ಹಳೆ ನಾಣ್ಯವೋ ಕಂಡರೆ ತೊಳೆಯಬೇಡಿ, ಜರುಗಿಸಬೇಡಿ. ಇದ್ದಲ್ಲೇ ಫೋಟೋ ತೆಗೆದು, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದಿಟ್ಟು, ಇಲಾಖೆಗೆ ತಿಳಿಸಿ.