ನಲವತ್ತೆಂಟು ಕೀಲಿಗಳ ಮಣೆ

ಅಂಗಡಿಯ ಕೀಲಿಮಣೆಯಲ್ಲಿ ಸಾಮಾನ್ಯವಾಗಿ 104 ಕೀಲಿಗಳು. ಮನೆಯಲ್ಲೇ ಮೆಕ್ಯಾನಿಕಲ್ ಕೀಬೋರ್ಡ್ ಕಟ್ಟುವ ಎಷ್ಟೋ ಹವ್ಯಾಸಿಗಳಿಗೆ 48 ಸಾಕು: ಅಡ್ಡಕ್ಕೆ ನಾಲ್ಕು ಸಾಲು, ಉದ್ದಕ್ಕೆ ಹನ್ನೆರಡು. ಅಂಕಿಗಳೆಲ್ಲಿ ಎಂದು ಕೇಳಿದರೆ ಹೆಬ್ಬೆರಳಿನಡಿಯ ಒಂದು ಕೀಲಿಯನ್ನು ಒತ್ತಿ ಹಿಡಿಯುತ್ತಾರೆ. ಮೇಲಿನ ಸಾಲೇ ಅಂಕಿಗಳಾಗಿಬಿಡುತ್ತದೆ.

ಕೆಲಸ ಶುರುವಾಗುವುದು ಅಳತೆಯಿಂದ. ಕೀಲಿಯಿಂದ ಕೀಲಿಗೆ 19.05 ಮಿ.ಮೀ., ಸ್ವಿಚ್ ಕೂರುವ ಚೌಕ ತೂತು 14 ಮಿ.ಮೀ. ತೂತು ಅರ್ಧ ಮಿಲಿಮೀಟರ್ ಹೆಚ್ಚಾದರೂ ಸ್ವಿಚ್ಚು ಸಡಿಲ ಹಲ್ಲಿನಂತೆ ಅಲುಗಾಡುತ್ತದೆ. ಮೊದಲು ರಟ್ಟಿನಲ್ಲಿ ಕೊರೆದು ನೋಡುವವರೇ ಜಾಣರು.

ನಿಜವಾದ ಚೆಂದ ಇರುವುದು ಯಾರಿಗೂ ಕಾಣದ ತಳದಲ್ಲಿ. ಕೀಲಿ ಒತ್ತಿದ್ದನ್ನು ಓದುವ, ಹೆಬ್ಬೆರಳಿನಷ್ಟಿರುವ ಪ್ರೊ ಮೈಕ್ರೊ ಬೋರ್ಡಿಗೆ 48 ತಂತಿ ಜೋಡಿಸಲು ಜಾಗವೆಲ್ಲಿ? ಪ್ರತಿ ಅಡ್ಡಸಾಲಿಗೊಂದು, ಉದ್ದಸಾಲಿಗೊಂದು ತಂತಿ ಎಳೆದರೆ 16ರಲ್ಲೇ ಮುಗಿಯಿತು. ಬೋರ್ಡು ಸೆಕೆಂಡಿಗೆ ನೂರಾರು ಸಲ ಸಾಲು ಸಾಲಾಗಿ ತಡವಿ ನೋಡಿ, ಒತ್ತಿದ ಕೀಲಿಯನ್ನು ಪತ್ತೆ ಹಚ್ಚುತ್ತದೆ. ಮೂರು ಕೀಲಿ ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದು ದೆವ್ವದಂತೆ ಮೂಡಬಾರದಲ್ಲ, ಅದಕ್ಕೆ ಪ್ರತಿ ಸ್ವಿಚ್ಚಿಗೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ, ಅಕ್ಕಿಕಾಳಿನಂಥ ಗಾಜಿನ ಡಯೋಡು. ಅವುಗಳ ಕಪ್ಪು ಪಟ್ಟಿ ಎಲ್ಲ ಕಡೆಯೂ ಒಂದೇ ದಿಕ್ಕಿಗಿರಬೇಕು. ಒಂದು ತಿರುವುಮುರುವಾದರೆ ಆ ಅಕ್ಷರ ಮೂಕ. ಮತ್ತೆ ಬೆಸುಗೆ ಕಾಯಿಸಬೇಕು.

ಯಾವ ಕೀಲಿ ಏನಾಗಬೇಕೆಂಬುದನ್ನು ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದಲ್ಲಿ ಬರೆದುಕೊಳ್ಳಬಹುದು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯುವವರಿಗೆ ಒತ್ತಕ್ಷರಕ್ಕೆಲ್ಲ ಎಫ್ ಕೀಲಿಯೇ ಬೇಕು. ಅದರದೊಂದು ಪ್ರತಿಯನ್ನು ಸ್ಪೇಸ್ ಪಕ್ಕಕ್ಕೆ ತಂದರೆ, ಹೆಬ್ಬೆರಳಿಗೆ ಇನ್ನೊಂದು ಕೆಲಸ ಸಿಕ್ಕಿತು.